ನಕ್ಷೆಯಿಂದ ಹೊರಗುಳಿದ ಅಮ್ಮ

ಮನೆಯಿಂದ,
ಭಾನುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಕಪ್ಪೆರಾಯಾ,

ಹೇಗಿದ್ದೀಯ? ಈಜುಕೊಳದ ಕ್ಲೋರಿನ್‌ಗೆ ಕೆಂಪಾಗಿದ್ದ ಕಣ್ಣು ವಾಸಿಯಾಯಿತೇ? ನಿನ್ನವಳ ಬೆನ್ನುನೋವು? ಮರಿ ಈಗ ಶಾಲೆಯಲ್ಲಿ ಯಾರ ಜುಟ್ಟು ಎಳೆಯುತ್ತಿದ್ದಾಳೆ? ನಾವೆಲ್ಲ ಚೆನ್ನಾಗಿದ್ದೇವೆ, ನನಗೆ ಮಾತ್ರ ಸಿಟ್ಟು ಇಳಿಯುತ್ತಿಲ್ಲ. ಫೋನು ಮಾಡಬಹುದಿತ್ತು, ಆದರೆ ನಾನು ಗಂಭೀರವಾದ ಕೂಡಲೇ ನೀನು ನಗಲು ಶುರುಮಾಡುತ್ತೀಯ. ಅದಕ್ಕೇ ಈ ಕಾಗದ, ನಿನ್ನ ಭಾವನ ಕೈಯಲ್ಲೇ ಕಳಿಸುತ್ತಿದ್ದೇನೆ.

ನಮ್ಮ ಪ್ರಯೋಗಾಲಯದಲ್ಲಿ ಸಾವಿರಾರು ಜನರ ರಕ್ತದಿಂದ ಮನುಷ್ಯನ ವಂಶವಾಹಿಗಳ ನಕ್ಷೆ ಮಾಡುತ್ತಿದ್ದೇವಲ್ಲ, ಎಲ್ಲಿ ಏನು ಬದಲಾದರೆ ಯಾವ ಕಾಯಿಲೆ ಎಂದು ತಿಳಿಯುವುದಕ್ಕೆ. ಶುರುವಿನಲ್ಲಿ ಜನ ಹೆದರುತ್ತಿದ್ದಾಗ ಅಮ್ಮ ತಾನೇ ಬಂದು ತೋಳು ಚಾಚಿ ಕೂತಿದ್ದಳು. "ನನ್ನ ರಕ್ತದಲ್ಲಿ ಏನಿರತ್ತೆ, ಈ ಮಕ್ಕಳ ಮೇಲಿನ ರೇಗಾಟ ಬಿಟ್ರೆ?" ಎಂದು ನರ್ಸನ್ನು ನಗಿಸಿದ್ದಳು. ಹೊಸ ಯಂತ್ರ ಬಂದಾಗ ಪರೀಕ್ಷೆಗೆಂದು ಸಿಬ್ಬಂದಿಯೇ ರಕ್ತ ಕೊಡುವುದು ನಮ್ಮಲ್ಲಿ ರೂಢಿ. ಆಮೇಲೆ ನಾನೂ ಕೊಟ್ಟೆ.

ಈಗ ಕೇಳು. ಒಂದೇ ಮನೆಯವರು ಇಬ್ಬರಿದ್ದರೆ ನಕ್ಷೆಯ ಲೆಕ್ಕ ವಾಲುತ್ತದೆಂದು ಒಬ್ಬರನ್ನು ತೆಗೆಯುತ್ತಾರೆ. ಕ್ರಮ ಸರಿಯೇ, ಹೊಸಬರಿಗೆ ನಾನೇ ಕಲಿಸುತ್ತೇನೆ. ನನ್ನದು ಹೊಸ ಯಂತ್ರದಲ್ಲಿ ಸ್ಪಷ್ಟವಾಗಿ ಬಂದಿತ್ತು. ಅಮ್ಮನದನ್ನು ಪಕ್ಕಕ್ಕೆ ಸರಿಸಿದರು. ಸರಿಸಿದ್ದನ್ನು ಕಾಯಿಲೆಗಾಗಿ ಯಾರೂ ಓದಲೇ ಇಲ್ಲ. ನನ್ನ ತಾಯಿ ಎಂಬ ಒಂದೇ ಕಾರಣಕ್ಕೆ! ಹೋದ ವಾರ ಹಳೆಯದನ್ನೆಲ್ಲ ಮತ್ತೆ ಓದಿಸಿದಾಗ ಹೃದಯದ ತಾಳ ತಪ್ಪಿಸುವ ಬದಲಾವಣೆಯೊಂದು ಸಿಕ್ಕಿತು. ಕೊಟ್ಟವರ ಹೆಸರಿರಲಿಲ್ಲ, ನನ್ನ ರಕ್ತದ ಸಂಖ್ಯೆಗೆ ಜೋಡಿ ಎಂದಷ್ಟೇ ಇತ್ತು. ಅದು ಯಾರೆಂದು ನನಗೆ ಬೇರೆ ಹೇಳಬೇಕೆ? ಆ ಬದಲಾವಣೆ ನನ್ನಲ್ಲಿಲ್ಲ. ಅಮ್ಮನಲ್ಲಿತ್ತು.

ಮೆಟ್ಟಿಲು ಓಡಿ ಹತ್ತಿದರೆ ಅಮ್ಮನಿಗೆ ಕಣ್ಣು ಕತ್ತಲಿಡುತ್ತಿದ್ದದ್ದು, ಬಸ್ಸಿನ ಹಿಂದೆ ಓಡಿದ ದಿನ ಬಿದ್ದವಳು ಮೇಲೇಳದೆ ಹೋದದ್ದು, ಎಲ್ಲ ಇದರಿಂದಲೇ ಇರಬೇಕು. "ವಯಸ್ಸಾಗಿತ್ತು" ಅಂದರಲ್ಲ ಡಾಕ್ಟರು. ಐವತ್ತೆಂಟು ಒಂದು ವಯಸ್ಸೇ? ಇದಕ್ಕೆ ಮಾತ್ರೆ ಇದೆ ಕಣೋ!

ನಿನಗೆ ತಿಳಿಸಬೇಕು ಎಂದು ಮುಖ್ಯಸ್ಥರನ್ನು ಕೇಳಿದೆ. "ನೋಡಮ್ಮ, ರಕ್ತ ಕೊಟ್ಟೋರ ಮನೆಯವರಿಗೆ ಹೇಳೋ ಹಾಗಿಲ್ಲ. ಸಮಿತಿ ಮುಂದೆ ಇಡೋಣ, ಆರು ತಿಂಗಳು ಹಿಡಿಯತ್ತೆ" ಅಂದರು. ಅದು ನಮ್ಮಮ್ಮ ಅಂದೆ. "ಇಲ್ಲಿ ಯಾರೂ ಯಾರಮ್ಮನೂ ಅಲ್ಲ" ಅಂದರು. ನಿಯಮ ಯಾಕಿದೆ ಎಂದು ನನಗೂ ಗೊತ್ತು. ಗುಟ್ಟು ಗುಟ್ಟಾಗಿಯೇ ಇರುತ್ತದೆಂದು ನಂಬಿ ಜನ ತೋಳು ಚಾಚುತ್ತಾರೆ. ಆ ನಂಬಿಕೆಯನ್ನು ನಾನು ಮುರಿಯುತ್ತಿದ್ದೇನೆಯೇ? ಯೋಚಿಸಿ ಯೋಚಿಸಿ ಸಾಕಾಯಿತು. ಅಮ್ಮ ಇದ್ದಿದ್ದರೆ ತಾನೇ ನಿನಗೆ ಹೇಳುತ್ತಿದ್ದಳು, ಅದೂ ಬೀದಿಗೆಲ್ಲ ಕೇಳುವ ಹಾಗೆ. ನನ್ನ ಕೆಲಸ ಹೋದರೆ ಹೋಗಲಿ.

ನಿನ್ನವಳಿಗೆ ನನ್ನ ನೆನಪು ತಿಳಿಸು. ಮರಿಗೆ ಅತ್ತೆಯ ಮುತ್ತು. ನೀನು ನೂರು ವರ್ಷ ನನ್ನನ್ನು ಗೇಲಿ ಮಾಡಿಕೊಂಡು ಬಾಳು.

ನಿನ್ನ ಅಕ್ಕ

ನೀನು ಕಾಗದವನ್ನು ಬಾಲದಿಂದ ಓದುವವನು, ಅದಕ್ಕೇ ಇದು ಇಲ್ಲಿ. ಶಾಲೆಯ ಓಟದಲ್ಲಿ ನೀನು ಕುಸಿದಾಗ ಸೋಲು ಮುಚ್ಚಲು ನಾಟಕ ಅಂತ ನಕ್ಕಿದ್ದೆವಲ್ಲ, ಅದು ನಾಟಕವಲ್ಲದಿರಬಹುದು. ಭಾವ ನಿನ್ನನ್ನು ಹೃದಯದ ಡಾಕ್ಟರ ಹತ್ತಿರ ಕರೆದೊಯ್ಯದೆ ವಾಪಸು ಬರುವುದಿಲ್ಲ. ಅಲ್ಲಿಯವರೆಗೆ ನೀರಿಗೆ ಇಳಿಯಬೇಡ; ಈ ಕಾಯಿಲೆಗೆ ಈಜಿನಷ್ಟು ಅಪಾಯ ಇನ್ನೊಂದಿಲ್ಲ. ಅಮ್ಮನಿಂದ ನಿನಗೆ ಬಂದಿದ್ದರೆ ಮರಿಯಲ್ಲೂ ಇರಬಹುದು. ಅವಳು ಈಗ ಕೊಳದಲ್ಲಿದ್ದರೆ ಓದುವುದು ಬಿಡು, ಮೊದಲು ಅವಳನ್ನು ಮೇಲಕ್ಕೆ ಕರೆ.