ಅಣೆಕಟ್ಟಿನ ಸೈರನ್

18 ಆಗಸ್ಟ್ 2024, ಭಾನುವಾರ. ಯಲಹಂಕ.

ಅಮ್ಮಿಗೆ ನಿಜ ಹೇಳಿಲ್ಲ. ಅದೇ ಕೊರೆಯುತ್ತಿದೆ.

ಇವತ್ತು ನೋಡಲು ಹೋಗಿದ್ದ ಜಲಪಾತ ಈ ಮಳೆಗಾಲದಲ್ಲೂ ಒಣಗಿತ್ತು. ಮೇಲಿನ ವಿದ್ಯುತ್ ಅಣೆಕಟ್ಟು ನೀರನ್ನೆಲ್ಲ ಹಿಡಿದಿಟ್ಟುಕೊಂಡಿತ್ತು. ತಂಗಿ ಐಮನ್ ಜೊತೆ ಕೆಳಗಿನ ಬಂಡೆಯ ಮೇಲೆ ನಿಂತಿದ್ದಾಗ ಸೈರನ್ ಕೂಗಿತು. ಓಡಬೇಕಾದವರೆಲ್ಲ ಶಿಳ್ಳೆ ಹೊಡೆದರು.

“ನೀರು ಬಿಟ್ರು ಮಗಾ, ವಿಡಿಯೋ ಮಾಡ್ಕೋ!” ಎಂದ ಪಕ್ಕದವನು.

ನಾನೂ ಮೊಬೈಲ್ ಎತ್ತಿದೆ. ಐಮನ್ ಕೈ ಬಿಟ್ಟು ಎತ್ತಿದೆ.

“ಭಾಯ್, ಚಲೋ!” ಎಂದು ಅವಳೇ ನನ್ನ ಅಂಗಿ ಹಿಡಿದು ದಡಕ್ಕೆಳೆದಳು. ಉಳಿದವರೂ ಬಿದ್ದು ಎದ್ದು ಹತ್ತಿದರು. ತಿರುಗಿ ನೋಡಿದರೆ ನಾವು ನಿಂತಿದ್ದ ಬಂಡೆಯೇ ಕಾಣಲಿಲ್ಲ.

ಮನೆಯಲ್ಲಿ ಅವಳು, ಭಾಯ್ ನನ್ನನ್ನು ಉಳಿಸಿದ ಎಂದುಬಿಟ್ಟಳು. ನಾನು ಶಾಲೆ ಬಿಟ್ಟ ಮೇಲೆ ಅಮ್ಮಿ ಮೊದಲ ಸಲ ನನ್ನ ತಲೆ ಸವರಿದಳು.

ಬೆಳಿಗ್ಗೆ ಹೇಳಬೇಕು. ಹೇಳಿದರೆ ಇನ್ನು ಐಮನ್‌ಳನ್ನು ನನ್ನ ಜೊತೆ ಎಲ್ಲಿಗೂ ಕಳಿಸುವುದಿಲ್ಲ.

ಕಳಿಸಲೂಬಾರದು.