ಕೊಟ್ಟವಳ ಮೇಲೆ ದಾವೆ, ತೆಗೆದುಕೊಂಡವನಿಗೆ ನಿದ್ದೆ

ಸಂಗೀತ ಕಂಪನಿಗಳ ಪರವಾಗಿ ರಾಜಿ ಮಾಡಿಸುವ ವಕೀಲರ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ಹದಿಮೂರು ವರ್ಷದ ನನ್ನ ಮಗಳು ಕೊರಿನ್ ವಾಶ್ಕೋಳ ಹೆಸರನ್ನು ನೀವು ನ್ಯಾಯಾಲಯದ ಕಾಗದದಲ್ಲಿ ಪ್ರತಿವಾದಿ ಎಂದು ಬರೆದಿದ್ದೀರಿ. ಅದನ್ನು ತೆಗೆಯಬೇಕು. ಇಷ್ಟು ಹೇಳಲು ನಾಲ್ಕು ಸಾಲು ಸಾಕಿತ್ತು. ಆದರೆ ನಾನು ಗಾಬರಿಯ ಹೆಂಗಸು, ಒಂದು ಮಾತಿಗೆ ಹತ್ತು ಮಾತು ಆಡುವವಳು. ಹಾಗೆ ಆಡಿದ್ದರಿಂದಲೇ ಇಷ್ಟೆಲ್ಲ ಆದದ್ದು. ನಿಮ್ಮ ಕಚೇರಿಗೆ ಮತ್ತೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಕಾಯಿರಿ ಎಂದು ಹೇಳಿ ಹಾಡು ಹಾಕಿದಿರಿ. ಆ ಹಾಡಿನ ಹಕ್ಕನ್ನು ನೀವು ಕ್ರಮವಾಗಿ ಪಡೆದೇ ಇದ್ದೀರಿ ಎಂದು ನಂಬಿದ್ದೇನೆ. ಹಾಡು ಕೇಳಿ ಸಾಕಾಗಿ ನಮ್ಮೂರ ಪತ್ರಿಕೆಗೆ ಬರೆಯುತ್ತಿದ್ದೇನೆ.

ಯಂಗ್ಸ್‌ಟೌನಿನ ಉಕ್ಕಿನ ಕಾರ್ಖಾನೆ ಮುಚ್ಚಿದ ವರ್ಷ, ಒಂಬತ್ತನೇ ತರಗತಿಯಲ್ಲಿ, ನಾನು ಶಾಲೆ ಬಿಟ್ಟೆ. ಅಪ್ಪ ಕೆಲಸ ಹುಡುಕಿಕೊಂಡು ಟೆಕ್ಸಸ್ಸಿಗೆ ಹೋದರು. ತಮ್ಮಂದಿರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಈಗ ವೃದ್ಧರ ಆರೈಕೆ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ. ನಿಮ್ಮ ಕಾಗದದ ಮೊದಲ ಸಾಲಿನಲ್ಲೇ ನನಗೆ ತಿಳಿಯದ ಆರು ಪದಗಳಿದ್ದವು. ಅಂಥ ಪದ ಬರೆಯಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದಿಲ್ಲ. ಆದರೆ ನನ್ನ ದೊಡ್ಡ ಹೊಟ್ಟೆಕಿಚ್ಚು ನಿಮ್ಮ ಮೇಲಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇಂಟರ್‌ನೆಟ್ ಸಂಪರ್ಕ ನನ್ನ ಹೆಸರಿನಲ್ಲಿದ್ದುದರಿಂದ ಹಕ್ಕಿಲ್ಲದೆ ಇಂಟರ್‌ನೆಟ್ಟಿನಲ್ಲಿ ಹಾಡು ಹಂಚಿದ್ದೀರಿ ಎಂಬ ಮೊದಲ ಕಾಗದ ನನ್ನ ಹೆಸರಿಗೇ ಬಂದಿತ್ತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನಿಮ್ಮ ಕಚೇರಿಯ ಹೆಂಗಸು ಬೆಣ್ಣೆಯಂಥ ದನಿಯಲ್ಲಿ ಕೇಳಿದಳು, "ಮೇಡಂ, ಈ ಹಾಡುಗಳನ್ನ ಹಂಚಿದ್ದು ನೀವೇನಾ?"

"ಅಯ್ಯೋ, ನಂಗೆ ಆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲಮ್ಮ."

"ಹಾಗಾದ್ರೆ ಯಾರು? ಹೆಸ್ರು ಹೇಳಿ ಮೇಡಂ, ನಿಮ್ಮ ಹೆಸ್ರು ತೆಗೆದುಬಿಡ್ತೀವಿ."

ಆಗ ನನ್ನ ನಾಲಿಗೆಯ ತುದಿಗೆ ಮಗಳ ಹೆಸರು ಬರಲಿಲ್ಲ, ಎದುರು ಮನೆಯಾಕೆಯ ಗಂಡನ ಹೆಸರು ಬಂತು. ಅದನ್ನು ನುಂಗಿಕೊಂಡೆ. ಒಳ್ಳೆತನದಿಂದಲ್ಲ, ನಾಳೆ ಬೀದಿಯಲ್ಲಿ ಅವಳ ಮುಖ ನೋಡಬೇಕಲ್ಲ ಎಂಬ ಅಳುಕಿನಿಂದ. ಆ ಹೆಸರನ್ನು ನುಂಗುವ ಗಡಿಬಿಡಿಯಲ್ಲಿ ಮಗಳ ಹೆಸರು ಹೊರಗೆ ಬಿತ್ತು. "ಥ್ಯಾಂಕ್ಯೂ ಮೇಡಂ" ಎಂದಳು ನಿಮ್ಮ ಹೆಂಗಸು. ಫೋನಿನ ಸ್ಪೀಕರ್ ಹಾಕಿದ್ದರಿಂದ ನನ್ನ ಗಂಡ ಎಮಿಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಪೊಲೀಸ್ನೋರು ಒದ್ರೂ ಜನ ಬಾಯಿ ಬಿಡಲ್ಲ. ಅವಳು ಎರಡು ಸಲ ಮೇಡಂ ಅಂದಿದ್ದಕ್ಕೇ ನೀನು ಬಿಟ್ಟೆಯಲ್ಲೇ!" ಎಂದ.

ಇನ್ನು ಎದುರು ಮನೆ. ಹೆಸರು ಹೇಳುವುದಿಲ್ಲ. ಎದುರು ಮನೆ ಎಂದೆ ನಿಜ, ಹಿಂದಿನ ಬೀದಿಯದೂ ಆಗಿರಬಹುದು, ಹುಡುಕಲು ಬರಬೇಡಿ. ಆಕೆಯ ಗಂಡನಿಗೆ ನಲವತ್ತಾರು ವರ್ಷ. ಅವನ ಕಂಪ್ಯೂಟರಿನಲ್ಲಿ ಮೂರು ಸಾವಿರ ಹಾಡುಗಳಿವೆ. ನನ್ನ ಮಗಳ ಬಳಿ ಇದ್ದದ್ದು ಇನ್ನೂರ ಹನ್ನೆರಡು. ಪ್ರತಿ ಶನಿವಾರ ಅವನು ಶೆಡ್ಡಿನ ಬಾಗಿಲು ತೆರೆದು, ಬೀದಿಗೆಲ್ಲ ಕೇಳುವಂತೆ ಹಾಡು ಹಾಕಿಕೊಂಡು, ತನ್ನ ಟ್ರಕ್ಕನ್ನು ಉಜ್ಜುತ್ತಾನೆ. ಅವರ ಅಂಚೆ ಪೆಟ್ಟಿಗೆಗೆ ಪಿಜ್ಜಾದ ರಿಯಾಯಿತಿ ಚೀಟಿಗಳು ಬರುತ್ತವೆ. ಅಂಚೆಯವನು ಅವರ ಮನೆ ದಾಟುವಾಗ ಶಿಳ್ಳೆ ಹಾಕುತ್ತಾನೆ, ನಮ್ಮ ಮನೆ ಬಂದರೆ ನಿಲ್ಲಿಸುತ್ತಾನೆ. ಕಾಗದ ಬಂದ ಮೇಲೆ ನನಗೆ ನಿದ್ದೆಯಿಲ್ಲ. ಅವಳ ಕಿಟಕಿಯ ಪರದೆ ಬೆಳಗ್ಗೆ ಒಂಬತ್ತಾದರೂ ಸರಿಯುವುದಿಲ್ಲ. ಒಬ್ಬ ಹೆಂಗಸಿನ ನಿದ್ದೆಯ ಮೇಲೆ ಇಷ್ಟು ಹೊಟ್ಟೆ ಉರಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಕಳೆದ ವಾರ ಸಮಾಧಾನ ಹೇಳಲು ಬಂದಿದ್ದಳು, ಬರಿಗೈಯಲ್ಲಿ.

"ಮಕ್ಕಳನ್ನ ಕಂಪ್ಯೂಟರ್ ಮುಂದೆ ಬಿಡಬಾರ್ದು ಕಣೇ ಡೋರೀನ್. ನಮ್ಮನೇಲಿ ನೋಡು, ನಾವು ಯಾರಿಗೂ ಏನೂ ಕೊಡಲ್ಲ. ಅದಕ್ಕೇ ಯಾರ ತಂಟೇನೂ ಇಲ್ಲ."

"ಅದು ಗೊತ್ತು ಬಿಡು. ನನ್ನ ಮೂರು ಪಾತ್ರೆ ನಿಮ್ಮನೇಲೇ ಇದೆ" ಎಂದೆ.

ಇದು ನಿಮಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಕಡೆ ಯಾರ ಮನೆಯಲ್ಲಾದರೂ ಸಾವಾದರೆ, ಹೆರಿಗೆಯಾದರೆ, ಕೆಲಸ ಹೋದರೆ, ಅಕ್ಕಪಕ್ಕದವರು ಪಾತ್ರೆ ತುಂಬ ಅಡುಗೆ ಮಾಡಿ ತಂದುಕೊಡುತ್ತಾರೆ. ಆ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ನಾಲ್ಕು ಬಿಸ್ಕತ್ತಾದರೂ ಹಾಕಿ ಕೊಡಬೇಕು. ನಾನು ಓದಿದ್ದು ಕಡಿಮೆ, ಆದರೆ ಈ ಪಾಠವನ್ನು ಪೂರ್ತಿ ಕಲಿತು ಮಗಳಿಗೂ ಕಲಿಸಿದ್ದೇನೆ.

ಈಗ ನಿಮ್ಮ ಕಾನೂನಿಗೆ ಬರುತ್ತೇನೆ. ಆ ಹಾಡಿನ ವ್ಯವಸ್ಥೆ ಹೇಗೆಂದು ಮಗಳು ನನಗೆ ಬಿಡಿಸಿ ಹೇಳಿದಳು. ನೀವು ಇಳಿಸಿಕೊಂಡ ಹಾಡುಗಳು ಒಂದು ಕಪಾಟಿನಲ್ಲಿ ಕೂರುತ್ತವೆ. ಕಪಾಟು ತೆರೆದಿದ್ದರೆ ಇತರರೂ ತೆಗೆದುಕೊಳ್ಳಬಹುದು, ಮುಚ್ಚಿದರೆ ಯಾರಿಗೂ ಕಾಣುವುದಿಲ್ಲ. ನಿಮ್ಮ ಪತ್ತೇದಾರರಿಗೂ ಕಾಣುವುದಿಲ್ಲ! ಎದುರು ಮನೆಯವನು ಮೊದಲ ದಿನವೇ ಮುಚ್ಚಿದ. ಮೂರು ಸಾವಿರ ಬಾಚಿಕೊಂಡ, ಒಂದನ್ನೂ ಕೊಡಲಿಲ್ಲ, ನಿಮ್ಮ ಲೆಕ್ಕದಲ್ಲಿ ಸಜ್ಜನನಾಗಿ ಉಳಿದ. ಇದು ಯಾವ ಬಗೆಯ ನ್ಯಾಯ ಮಾನ್ಯರೇ? ಹಾಡು ಬರೆದವನ ಅನ್ನ ಹೋಗುತ್ತದೆ ಎನ್ನುತ್ತೀರಿ, ಒಪ್ಪುತ್ತೇನೆ. ಒಗೆದ ಬಟ್ಟೆಗೆ ಕೂಲಿ ಸಿಗದಿದ್ದರೆ ನಾನೂ ಕೂಗುತ್ತೇನೆ. ಆದರೆ ಆ ಅನ್ನವನ್ನು ಹೆಚ್ಚು ತಿಂದವನು ಯಾರು? ದೀಪದ ಕೆಳಗೆ ಹುಡುಕುವುದು ಸುಲಭವೆಂದು ದೀಪ ಹಚ್ಚಿಟ್ಟವಳನ್ನೇ ಹಿಡಿಯುವುದೇ?

ಕೊರಿನ್ ಈಗ ಕಾರಿನಲ್ಲಿ ರೇಡಿಯೋ ಹಾಕಗೊಡುವುದಿಲ್ಲ. ಮೊನ್ನೆ ದಿನಸಿ ಅಂಗಡಿಯಲ್ಲಿ ಮೇಲಿನ ಸ್ಪೀಕರಿನಿಂದ ಅವಳಿಗೆ ಇಷ್ಟದ ಹಾಡು ಬಂತು. ತಳ್ಳುಗಾಡಿ ಹಿಡಿದು ನಿಂತವಳು ಕೇಳಿದಳು, "ಅಮ್ಮ, ಇದನ್ನ ಕೇಳಿಸ್ಕೊಂಡ್ರೆ ಏನಾದ್ರೂ ಆಗುತ್ತಾ?"

"ಏನೂ ಆಗಲ್ಲ ಮಗಳೇ."

"ನಿಂಗೆ ಹೇಗೆ ಗೊತ್ತು? ಅವತ್ತೂ ಏನೂ ಆಗಲ್ಲ ಅಂದಿದ್ದೆ."

ಅಂದಿದ್ದೆ. ಇದನ್ನು ನಿಮ್ಮ ಹೆಂಗಸು ಕೇಳಲಿಲ್ಲ, ನಾನೂ ಹೇಳಲಿಲ್ಲ, ಎಮಿಲ್‌ಗೂ ಈ ಪತ್ರ ಓದಿದಾಗಲೇ ತಿಳಿಯುವುದು. ಕಳೆದ ವರ್ಷ ಒಂದು ಭಾನುವಾರ ನಾನು ಒಲೆಯ ಮುಂದೆ ಕೋಸಿನೆಲೆಯಲ್ಲಿ ಮಾಂಸ ಸುತ್ತುತ್ತಿದ್ದೆ. ಒಳಕೋಣೆಯಿಂದ ಅವಳು ಕೂಗಿ ಕೇಳಿದಳು, "ಅಮ್ಮ, ನನ್ನ ಹಾಡುಗಳನ್ನ ಬೇರೆಯವ್ರೂ ತಗೋಬಹುದಾ ಅಂತ ಕೇಳ್ತಿದೆ. ಮುಚ್ಚಿಬಿಡ್ಲಾ?" ನಾನು ತಲೆ ಎತ್ತದೆ ಅಂದೆ, "ತಗೊಂಡ್ಮೇಲೆ ಕೊಡಬೇಕಲ್ವೇನೇ? ಏನೂ ಆಗಲ್ಲ, ತೆರೆದಿಡು."

ಆಗ ಹನ್ನೆರಡರ ಹುಡುಗಿ, ತಾಯಿಯ ಮಾತು ಕೇಳಿದಳು. ಅವಳ ವಯಸ್ಸಿನ ಮಕ್ಕಳು ಯಾರೂ ಕೇಳುವುದಿಲ್ಲವೆಂದು ಆರೈಕೆ ಮನೆಯಲ್ಲಿ ಎಲ್ಲರೂ ಗೊಣಗುತ್ತಾರೆ. ನನ್ನವಳು ಕೇಳಿದಳು.

ಆದ್ದರಿಂದ ನನ್ನ ಬೇಡಿಕೆ ಇದು. ಫೋನಿನಲ್ಲಿ ಒಂದು ಹೆಸರು ಕೇಳಿ ಇನ್ನೊಂದನ್ನು ತೆಗೆಯುವುದು ನಿಮಗೆ ಎಷ್ಟು ಸುಲಭವೆಂದು ನೋಡಿದ್ದೇನೆ. ಈ ತಿಂಗಳ ಹತ್ತೊಂಬತ್ತಕ್ಕೆ ನ್ಯಾಯಾಲಯಕ್ಕೆ ಉತ್ತರ ಕೊಡಬೇಕಂತೆ. ಅದಕ್ಕೆ ಮೊದಲು ಅವಳ ಹೆಸರನ್ನು ತೆಗೆದು ನನ್ನದನ್ನು ಮತ್ತೆ ಬರೆಯಿರಿ. ನಾನು ಬರುತ್ತೇನೆ. ನ್ಯಾಯಾಧೀಶರು ಕೇಳಿದರೆ, ಕಂಪ್ಯೂಟರ್ ಮುಟ್ಟದೆಯೇ ಹಂಚಿದವಳು ನಾನು ಎಂದು ಎದ್ದು ನಿಂತು ಹೇಳುತ್ತೇನೆ. ಈ ಸಲ ಬೇರೆ ಯಾರ ಹೆಸರೂ ನನ್ನ ಬಾಯಿಂದ ಬೀಳುವುದಿಲ್ಲ.

ಇಂತಿ,
ಮಗಳಿಗಿಂತ ಮೊದಲು ಎದುರು ಮನೆಯವನನ್ನು ಕಾಪಾಡಿದ ಮೂರ್ಖಳು,
ಡೋರೀನ್ ವಾಶ್ಕೋ
ಯಂಗ್ಸ್‌ಟೌನ್, ಓಹಾಯೋ, ೨೦೦೪