ರೋಬೋ ಕಣ್ಣಿಗೆ ಬ್ಯಾಂಡ್‌ಏಡ್

ಆಗಸ್ಟ್ 6

ಬರೆಯುತ್ತಿರುವುದಕ್ಕೇ ಸಾರಿ. ಐದನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳು. ಬರೆದಿಟ್ಟದ್ದನ್ನು ಯಾರಾದರೂ ಓದಿ ನಗುತ್ತಾರೆಂದು ಗೊತ್ತು. ಆದರೂ...

ಬಟ್ಟೆ ಮೂಟೆ ಹೊರುವ ರೋಬೋ ಇಂದೂ ಒದೆ ತಿಂತು. ಸೀನಿಯರ್ಸ್ ಇಟ್ಟ ಹೆಸರು ಚಾಡಿಕೋರ. ನೋಡಿದ್ದೆಲ್ಲ ವಾರ್ಡನ್‌ಗೆ ಹೇಳುತ್ತದಂತೆ. ಲಾಂಡ್ರಿ ಅಕ್ಕ ಮಾತ್ರ ದಿನಾ ಅದರ ಮುಖ ಒರೆಸುತ್ತಾರೆ. "ಅಯ್ಯೋ ನನ್ನಪ್ಪ, ಎಲ್ಲಿ ಹೊರಳಾಡ್ಕೊಂಡು ಬಂದೆ?"

ಆಗಸ್ಟ್ 9, ಮಧ್ಯಾಹ್ನ

ಮ್ಯಾಥ್ಸ್ ಟೆಸ್ಟ್. ಐವತ್ತಕ್ಕೆ ಏಳು. ಮೆಟ್ಟಿಲ ಹತ್ತಿರ ಕಾರಿಡಾರಿನಲ್ಲೇ ಕೂತು ಅತ್ತೆ — ಸದ್ದಿಲ್ಲದ ಹಾಸ್ಟೆಲ್ ಅಳು. ಚಾಡಿಕೋರ ಬಂದು ಎದುರಿಗೇ ನಿಂತಿತು. ಹೋಗಲೇ ಇಲ್ಲ. ಆ ಒಂಟಿ ಕಣ್ಣು ನನ್ನ ಮೇಲೇ. ವಾರ್ಡನ್‌ಗೆ ಗೊತ್ತಾದರೆ? ಮನೆಗೆ ಫೋನ್ ಮಾಡಿದರೆ? ಪರ್ಸಿನಲ್ಲಿದ್ದ ಬ್ಯಾಂಡ್‌ಏಡ್ ತೆಗೆದು ಅದರ ಕಣ್ಣಿಗೆ ಅಂಟಿಸಿ ಓಡಿಬಂದೆ.

ಆಗಸ್ಟ್ 10

ತೆಗೆಯೋಣವೆಂದು ಹೋದೆ. ನಿಜವಾಗಿ. ತಡವಾಗಿತ್ತು. ನಿನ್ನೆ ಸಂಜೆಯೇ ರೋಬೋ ಮೆಟ್ಟಿಲಿನಿಂದ ಉರುಳಿತಂತೆ. ಹಿಡಿಯಲು ಹೋದ ಅಕ್ಕನ ಮಣಿಕಟ್ಟು ಮುರಿದಿದೆ.

ರಿಪೇರಿಯವನನ್ನು ಕೇಳಿದೆ, ಅದು ಎಲ್ಲಾ ರೆಕಾರ್ಡ್ ಮಾಡುತ್ತಾ ಎಂದು. ನಕ್ಕ. "ಆ ಕಣ್ಣು ಬರೀ ದಾರಿ ನೋಡೋಕೆ ಕಣಮ್ಮ. ಯಾರಾದ್ರೂ ಅಡ್ಡ ಕೂತಿದ್ರೆ, ಏಳೋ ತನಕ ಕಾಯುತ್ತೆ. ಪಾಪದ್ದು."

ಕಾಯುತ್ತಿತ್ತು. ಅಷ್ಟೇ.

ಆಗಸ್ಟ್ 17

ಆರು ದಿನ ಬರೆಯಲಿಲ್ಲ. ಹೊಟ್ಟೆನೋವು ಎಂದು ಕ್ಲಾಸಿಗೂ ಹೋಗಲಿಲ್ಲ. ರೋಬೋ ಬಿದ್ದಿದ್ದಕ್ಕೆ ಅಕ್ಕ ಅದರ ಕಣ್ಣು ಒರೆಸದೆ ಬಿಟ್ಟಿದ್ದೇ ಕಾರಣ ಎಂದು ವಾರ್ಡನ್ ತೀರ್ಮಾನಿಸಿದ್ದಾರೆ. ಅಕ್ಕನನ್ನು ಕೆಲಸದಿಂದ ತೆಗೆದಿದ್ದಾರೆ; ನಾಳಿದ್ದು ಕೊನೇ ದಿನ.

ಹೇಳಿಬಿಡಬೇಕೆಂದೇ ಲಾಂಡ್ರಿಗೆ ಹೋದೆ. ಅಕ್ಕನ ಕೈಗೆ ಪ್ಲಾಸ್ಟರ್.

"ಅಕ್ಕಾ, ಅದರ ಕಣ್ಣಿನ ಮೇಲೆ ಏನಾದ್ರೂ ಇತ್ತಾ?"

"ಶ್! ಯಾರಿಗೂ ಹೇಳ್ಬೇಡ. ಬ್ಯಾಂಡ್‌ಏಡ್ ಇತ್ತು. ಒದೆ ತಿಂದು ನೋವಾಗಿದೆ ಅಂತ ಯಾವ್ದೋ ಮಗು ಹಚ್ಚಿರ್ಬೇಕು. ಇಷ್ಟು ಜನರಲ್ಲಿ ಅಂಥವಳು ಒಬ್ಳಾದ್ರೂ ಇದಾಳಲ್ಲ! ವಾರ್ಡನ್ನಮ್ಮ ಆ ಮಗೂನ ಸುಮ್ನೆ ಬಿಡ್ತಾರಾ? ಅದಕ್ಕೇ ಕಿತ್ತು ಬಚ್ಚಿಟ್ಟೆ."

ನನ್ನ ಮುಖ ನೋಡಿ, "ಯಾಕಮ್ಮ, ನಿಂಗೆ ಗೊತ್ತಾ ಯಾರು ಅಂತ?"

ಇಲ್ಲ ಎಂದೆ.

ಆಗಸ್ಟ್ 18, ಬೆಳಿಗ್ಗೆ

ವಾರ್ಡನ್‌ಗೆ ಮೆಸೇಜ್ ಕಳಿಸಿದೆ. ಎಂಟು ಸಲ ಡಿಲೀಟ್ ಮಾಡಿ. ಕಳಿಸಿದ್ದು ಇದು —

ಮೇಡಮ್, ಅಕ್ಕನದು ಏನೂ ತಪ್ಪಿಲ್ಲ. ಅದರ ಕಣ್ಣಿಗೆ ಬ್ಯಾಂಡ್‌ಏಡ್ ಅಂಟಿಸಿದ್ದು ನಾನು. ಅದಕ್ಕೆ ನೋವಾಗಿದೆ ಅಂತಲ್ಲ ಮೇಡಮ್. ನಂಗೆ ಭಯ ಆಗಿತ್ತು. ಅಕ್ಕನಿಗೂ ನಾನೇ ಹೇಳ್ತೀನಿ. ನಾಳೆ ಅವರು ಹೊರಡೋದ್ರೊಳಗೆ, ಪ್ಲೀಸ್, ಬೇಗ ಉತ್ತರ ಕೊಡಿ